ಸ್ಪ್ರೇ ಮಾಡದ ಒಂದು ಸಾಲು: ಔಷಧಿ ವಿಷಯದಲ್ಲಿ ಅನುಭವ ನಂಬೋದಾ, ಪುರಾವೆ ನಂಬೋದಾ?

ಆಗಸ್ಟ್ 3 ಬಂದರೆ, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟಕ್ಕೆ, ಕೊಡಗಿನ ಮನೆಗಳಲ್ಲಿ ಒಂದು ಪಾತ್ರೆ ನೀರು ಶಾಯಿ ಥರ ಕಡು ನೇರಳೆ ಆಗುತ್ತದೆ. ಆ ಬಣ್ಣ ಬಿಡುವ ಗಿಡಕ್ಕೆ ನಾವು ಆಟಿ ಸೊಪ್ಪು ಅನ್ನುತ್ತೇವೆ, ಕೊಡವ ಗೆಳೆಯರು ಮದ್ದ್ ತೊಪ್ಪು ಅನ್ನುತ್ತಾರೆ. ದಂಟು ಸಮೇತ ಕುದಿಸಿ, ಸೋಸಿ, ಆ ನೀರಿಗೆ ಅಕ್ಕಿ, ಬೆಲ್ಲ, ತೆಂಗಿನಕಾಯಿ ಹಾಕಿದರೆ ಪಾಯಸ. ಅವತ್ತಿನ ಸೊಪ್ಪಿನಲ್ಲಿ 18 ಬಗೆಯ ಔಷಧಿ ಸೇರಿರುತ್ತದೆ ಎಂಬ ನಂಬಿಕೆ. ತಿಂದ ಮೇಲೆ ಮೂತ್ರ ಕೆಂಪಗೆ ಹೋಗುತ್ತದೆ. ಚಿಕ್ಕವನಿದ್ದಾಗ ಅದನ್ನು ನೋಡಿ ಹೆದರಿ ಓಡಿ ಬಂದಿದ್ದೆ. ಅಜ್ಜಿ ನಕ್ಕು, “ಮದ್ದು ಮೈಗೆ ಹಿಡಿದಿದೆ ಕಣೋ, ಅದಕ್ಕೇ ಕೆಂಪು” ಅಂದಿದ್ದರು.

ಬೀಟ್‌ರೂಟ್ ತಿಂದರೂ ಕೆಲವರಿಗೆ ಹಾಗೇ ಆಗುತ್ತದೆ. ಬಣ್ಣ ಒಳಗೆ ಹೋಗಿ ಹೊರಗೆ ಬಂತು ಅನ್ನುವುದಷ್ಟೇ ಅದರಿಂದ ಗೊತ್ತಾಗುವುದು. ಮದ್ದು ಕೆಲಸ ಮಾಡಿತಾ ಅನ್ನುವುದು ಗೊತ್ತಾಗುವುದಿಲ್ಲ. ಈ ಸೊಪ್ಪಿನ ರಸದಲ್ಲಿ ಆಂಟಿಆಕ್ಸಿಡೆಂಟ್ ಗುಣ ಇದೆ ಎಂದು ಲ್ಯಾಬಿನಲ್ಲಿ ನೋಡಿದವರು ಬರೆದಿದ್ದಾರೆ, ನಿಜ. ಆದರೆ ಲ್ಯಾಬಿನ ಗಾಜಿನ ಕೊಳವೆಗೂ ನಮ್ಮ ಹೊಟ್ಟೆಗೂ ತುಂಬಾ ದೂರ. ನಾನಂತೂ ಪ್ರತಿ ವರ್ಷ ಎರಡು ಬಟ್ಟಲು ತಿನ್ನುತ್ತೇನೆ. ಪಾಯಸಕ್ಕೆ ಪುರಾವೆ ಕೇಳುವಷ್ಟು ದಡ್ಡ ನಾನಲ್ಲ.

ತೊಂದರೆ ಶುರುವಾಗುವುದು ಅದೇ ಲೆಕ್ಕವನ್ನು ಕಾಮಾಲೆಗೆ, ಬಿಪಿಗೆ, ಹಾವು ಕಡಿತಕ್ಕೆ ಹಾಕಿದಾಗ. ಓದುಗರು ನನಗೆ ಕೇಳುವ ಪ್ರಶ್ನೆ ಹೆಚ್ಚೂಕಡಿಮೆ ಒಂದೇ. “ನಮ್ಮ ಅತ್ತೆಗೆ ಇದರಿಂದಲೇ ವಾಸಿಯಾಗಿದ್ದು. ಡಾಕ್ಟರು ಅದಕ್ಕೆ ಪುರಾವೆ ಇಲ್ಲ ಅನ್ನುತ್ತಾರೆ. ಯಾರನ್ನು ನಂಬಲಿ?” ನಾನು ಡಾಕ್ಟರಲ್ಲ, ಸೋಮವಾರಪೇಟೆ ಕಡೆಯ ಸಣ್ಣ ಕಾಫಿ ಬೆಳೆಗಾರ. ಆದರೆ ಈ ಪ್ರಶ್ನೆಗೆ ಉತ್ತರ ಹುಡುಕಲು ಕಾಫಿ ತೋಟ ಒಳ್ಳೆ ಜಾಗ.

ಹೊಸ ಗೊಬ್ಬರದ ಏಜೆಂಟ್ ಬಂದು “ಇದು ಹಾಕಿ ಸಾರ್, ಕಾಯಿ ಗೊಂಚಲು ಗೊಂಚಲು” ಅಂದರೆ ನಾವು ಇಡೀ ತೋಟಕ್ಕೆ ಸುರಿಯುವುದಿಲ್ಲ. ಒಂದು ಪಟ್ಟೆಗೆ ಹಾಕಿ, ಪಕ್ಕದ ಎರಡು ಸಾಲು ಸುಮ್ನೆ ಬಿಡುತ್ತೇವೆ. ಯಾಕೆಂದರೆ ಕಾಫಿ ಹೂ ಅರಳಿಸುವ ಹೂಮಳೆ ಸರಿಯಾದ ಹೊತ್ತಿಗೆ ಬಿದ್ದ ವರ್ಷ ಏನೂ ಹಾಕದ ಗಿಡವೂ ಬಗ್ಗುವಷ್ಟು ಕಾಯಿ ಬಿಡುತ್ತದೆ. ಎಲೆತುಕ್ಕು ರೋಗಕ್ಕೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆದಾಗಲೂ ಅಷ್ಟೇ, ಹೊಡೆಯದ ಸಾಲು ಕಣ್ಣೆದುರು ಇದ್ದರೆ ಮಾತ್ರ ದ್ರಾವಣದ ಬೆಲೆ ಗೊತ್ತಾಗುವುದು. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲಿ ಮಾಡುವುದೂ ಇದನ್ನೇ, ನಮಗಿಂತ ಅಚ್ಚುಕಟ್ಟಾಗಿ.

ನಮ್ಮ ಮೈಯಲ್ಲಿ ಮಾತ್ರ ಆ ಬಿಟ್ಟ ಸಾಲು ಇರುವುದಿಲ್ಲ. ಕಷಾಯ ಕುಡಿದವನು ನಾನೊಬ್ಬನೇ. ಕುಡಿಯದಿದ್ದರೆ ಏನಾಗುತ್ತಿತ್ತು ಎಂದು ನೋಡಲು ಇನ್ನೊಬ್ಬ ನಾನು ಎಲ್ಲಿದ್ದಾನೆ? ವೈದ್ಯಕೀಯ ಪ್ರಯೋಗ ಅಂದರೆ ಆ ಬಿಟ್ಟ ಸಾಲನ್ನು ನೂರಾರು ಜನರಲ್ಲಿ ಮಾಡಿ ನೋಡುವುದು. ಯಾರಿಗೆ ಮದ್ದು, ಯಾರಿಗೆ ನೋಡಲು ಹಾಗೇ ಇರುವ, ಒಳಗೆ ಮದ್ದಿಲ್ಲದ ಹುಸಿ ಮಾತ್ರೆ ಅನ್ನುವುದನ್ನು ಚೀಟಿ ಎತ್ತಿದ ಹಾಗೆ ತೀರ್ಮಾನಿಸುತ್ತಾರೆ. ಇಲ್ಲದಿದ್ದರೆ ನೆರಳು, ನೀರು ಚೆನ್ನಾಗಿರುವ ಗಿಡಕ್ಕೇ ಹೊಸ ಗೊಬ್ಬರ ಹಾಕಿ ಭೇಷ್ ಅಂದ ಹಾಗಾಗುತ್ತದೆ.

ಮೊದಲು ಅಳತೆಗೋಲು

ಯಾವ ಮಾತನ್ನಾದರೂ ನಂಬುವ ಮೊದಲು ನಾನು ನೋಡುವುದು ಇಷ್ಟು. ಈ ಕಾಯಿಲೆ ತಾನಾಗಿಯೇ ಇಳಿಯುವಂಥದ್ದಾ? ನೆಗಡಿ ಏಳರಿಂದ ಹತ್ತು ದಿನದಲ್ಲಿ ಹೋಗುತ್ತದೆ, ಐದನೇ ದಿನ ಏನು ಕುಡಿದರೂ ಅದಕ್ಕೆ ಹೆಸರು ಬರುತ್ತದೆ. ಎರಡನೆಯದು, ಗುಣ ಆಗುತ್ತಿದೆಯಾ ಇಲ್ಲವಾ ಎಂದು ಮೈಗೆ ತಿಳಿಯುತ್ತದಾ? ನೋವು ತಿಳಿಯುತ್ತದೆ, ಬಿಪಿ ತಿಳಿಯುವುದಿಲ್ಲ. ಮೂರನೆಯದು, ತಪ್ಪಾದರೆ ಹಿಂದೆ ಬರಲು ದಾರಿ ಇದೆಯಾ? ನಾಲ್ಕನೆಯದು ದುಡ್ಡು, ದೂರ, ಹೋದ ದಿನದ ಕೂಲಿ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಜಿಲ್ಲೆಯಲ್ಲಿ ರೈಲಿಲ್ಲ. ಒಂದು ಸಲ ದೊಡ್ಡ ಆಸ್ಪತ್ರೆಗೆ ಹೋಗಿಬಂದರೆ ಕೂಲಿಯವರಿಗೆ ವಾರದ ಲೆಕ್ಕವೇ ತಪ್ಪುತ್ತದೆ.

ಐದನೆಯದನ್ನು ಯಾರೂ ಕೇಳುವುದಿಲ್ಲ. ನನಗೆ ಅದೇ ಮುಖ್ಯ: ವಾಸಿಯಾಗದವರ ಲೆಕ್ಕ ಇಟ್ಟವರು ಯಾರು? ಈ ಅಳತೆಗೋಲು ಹಿಡಿದು, ಸ್ವಂತ ಅನುಭವದಿಂದ ಹತ್ತಾರು ಪ್ರಯೋಗಗಳವರೆಗೆ ನಮ್ಮ ಕಿವಿಗೆ ಬೀಳುವ ಐದು ಬಗೆಯ ಮಾತನ್ನು ನೋಡೋಣ.

ನನ್ನ ಮೈಗೇ ಗೊತ್ತಾಗಿದ್ದು

ನನ್ನ ಮಂಡಿಯ ಕಥೆ ಹೇಳುತ್ತೇನೆ. ನಮ್ಮ ತೋಟ ಇಳಿಜಾರು. ಡಿಸೆಂಬರ್, ಜನವರಿಯ ಕೊಯ್ಲಿನಲ್ಲಿ ದಿನಕ್ಕೆ ಹತ್ತು ಸಲ ಹತ್ತಿ ಇಳಿದು ಬಲಮಂಡಿ ಊದಿಕೊಂಡಿತ್ತು. ಸಂತೆಯಲ್ಲಿ ಒಬ್ಬರು ಗಿಡಮೂಲಿಕೆ ಎಣ್ಣೆ ಕೊಟ್ಟರು, ಬಾಟಲಿಗೆ 450 ರೂಪಾಯಿ. ಜನವರಿ ಕೊನೆಗೆ ಹಚ್ಚಲು ಶುರು ಮಾಡಿದೆ. ಮಾರ್ಚ್ ಹೊತ್ತಿಗೆ ನೋವು ಬಹಳ ಇಳಿದಿತ್ತು. ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ. ನನ್ನ ಮಾತು ಕೇಳಿ ಎಣ್ಣೆ ಕೊಂಡವರು ಹತ್ತು ಜನವಾದರೂ ಇದ್ದಾರೆ.

ಕೊಡಗಿನ ತೋಟದ ಮನೆಗಳಲ್ಲಿ ಮಳೆ ಲೆಕ್ಕದ ಪುಸ್ತಕ ಇರುತ್ತದಲ್ವಾ, ಎಷ್ಟು ಇಂಚು, ಎಷ್ಟು ಸೆಂಟು ಎಂದು ಬೆಳಿಗ್ಗೆ ಎದ್ದು ಬರೆಯುವುದು. ಯಾವ ಪುಣ್ಯಕ್ಕೋ ನಾನು ಅದರ ಪಕ್ಕದ ಖಾಲಿ ಜಾಗದಲ್ಲಿ ಮಂಡಿನೋವಿಗೆ ಹತ್ತಕ್ಕೆ ಎಷ್ಟು ಎಂದು ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದೆ. ಮಾರನೇ ವರ್ಷ ಎಣ್ಣೆಯವರು ಸಂತೆಗೆ ಬರಲಿಲ್ಲ. ಜನವರಿ ಕೊನೆಗೆ 8, ಮಾರ್ಚ್ ಮಧ್ಯಕ್ಕೆ 3. ಹಿಂದಿನ ವರ್ಷದ ಪುಟ ತೆಗೆದರೆ ಅಲ್ಲೂ 8, ಆಮೇಲೆ 3. ಕೊಯ್ಲು ಮುಗಿದಿದ್ದಕ್ಕೆ ಮಂಡಿ ತಣ್ಣಗಾಗಿತ್ತು. ಹೆಸರು ಎಣ್ಣೆಗೆ ಬಂದಿತ್ತು. ನೋವು ತಾರಕಕ್ಕೆ ಏರಿದಾಗಲೇ ನಾವು ಮದ್ದು ಹುಡುಕುವುದು. ತಾರಕದಿಂದ ಮುಂದಿನ ದಾರಿ ಬಹಳ ಸಲ ಇಳಿಜಾರೇ.

ಇದು ನನ್ನಂಥವನ ದಡ್ಡತನ ಮಾತ್ರ ಅಲ್ಲ. ಅಮೆರಿಕದ ಹೂಸ್ಟನ್‌ನಲ್ಲಿ ಮಂಡಿ ಸವೆದ 180 ಜನರನ್ನು ಸೇರಿಸಿ ಮಾಡಿದ ಒಂದು ಪ್ರಯೋಗದ ಫಲಿತಾಂಶ 2002ರಲ್ಲಿ ಬಂತು. ಕೆಲವರಿಗೆ ಸಣ್ಣ ತೂತಿನ ಮೂಲಕ ಮಾಡುವ ಕೀಹೋಲ್ ಆಪರೇಷನ್, ಕೆಲವರಿಗೆ ಬರೀ ಚರ್ಮ ಕೊಯ್ದು ಹೊಲಿಗೆ. ಯಾರಿಗೆ ಯಾವುದು ಎಂದು ರೋಗಿಗಳಿಗೆ ಗೊತ್ತಿರಲಿಲ್ಲ. ಎರಡು ವರ್ಷ ನೋಡಿದರೂ ನೋವಿನಲ್ಲಿ ವ್ಯತ್ಯಾಸ ಇರಲಿಲ್ಲ. ಅದಕ್ಕೂ ಮೊದಲು ಆ ಆಪರೇಷನ್ ಮಾಡಿಸಿಕೊಂಡು “ಈಗ ಆರಾಮ” ಅಂದವರು ಎಷ್ಟೋ ಜನ. ಅವರು ಸುಳ್ಳು ಹೇಳಿರಲಿಲ್ಲ, ಆರಾಮ ಆಗಿತ್ತು. ಯಾಕೆ ಆಯಿತು ಅನ್ನುವುದರಲ್ಲಿ ಎಡವಿದ್ದರು.

ಹಾಗಂತ ಸ್ವಂತ ಅನುಭವ ದಂಡ ಅಂದುಕೊಳ್ಳಬೇಡಿ. ಬಿಪಿಗೆ ನನಗೆ ಮೊದಲು ಕೊಟ್ಟ ಮಾತ್ರೆ ಎನಾಲಪ್ರಿಲ್. ಮೂರು ವಾರಕ್ಕೆ ಒಣಕೆಮ್ಮು ಶುರು, ರಾತ್ರಿಯೆಲ್ಲ ಖೊಕ್ ಖೊಕ್. ಮಳೆಗಾಲದ ಥಂಡಿ ಅಂದರು ಮನೆಯವರು. ಡಾಕ್ಟರಿಗೆ ಹೇಳಿದ ಕೂಡಲೇ ಅವರು ತಲೆಯಾಡಿಸಿ ಟೆಲ್ಮಿಸಾರ್ಟನ್‌ಗೆ ಬದಲಾಯಿಸಿದರು. ಕೆಮ್ಮು ನಿಂತಿತು. ಆ ಜಾತಿಯ ಮಾತ್ರೆಗಳು ಕೆಲವರಿಗೆ ಹಾಗೆ ಕೆಮ್ಮು ತರಿಸುತ್ತವೆ ಅನ್ನುವುದು ಪ್ರಯೋಗಗಳಿಂದ ಗೊತ್ತಿತ್ತು. ಆ ಕೆಲವರಲ್ಲಿ ನಾನೂ ಒಬ್ಬ ಅನ್ನುವುದನ್ನು ಹೇಳಬಲ್ಲವನು ನಾನೇ. ಬಿಪಿ ಇಳಿದಿದೆಯಾ ಎಂದು ಮೆಷಿನ್ ಹೇಳಬೇಕು, ಮಾತ್ರೆ ಒಗ್ಗಿದೆಯಾ ಎಂದು ನಾನು ಹೇಳಬೇಕು.

ಪಕ್ಕದ ಮನೆಯವರಿಗೆ ವಾಸಿಯಾಗಿದ್ದು

ಇದರ ದೊಡ್ಡ ಗುಣ ಬಿಟ್ಟಿ ಸಿಗುವುದು, ನಮ್ಮ ಭಾಷೆಯಲ್ಲಿ ಸಿಗುವುದು, ಹೇಳುವವರು ನಮ್ಮವರಾಗಿರುವುದು. ದೊಡ್ಡ ಅಪಾಯವೂ ಇಲ್ಲೇ. ಕಾಮಾಲೆಯನ್ನೇ ತೆಗೆದುಕೊಳ್ಳಿ.

ಮಳೆಗಾಲದಲ್ಲಿ ಕುಡಿಯುವ ನೀರು ಕೆಟ್ಟು ಬರುವ ಹೆಪಟೈಟಿಸ್ ಎ ಆದರೆ ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ವಿಶ್ರಾಂತಿ, ನೀರು, ಊಟ ಸಾಕು. ಆ ವಾರಗಳಲ್ಲಿ ಮೂರು ದಿನ ಹಸುವಿನ ಹಾಲಿನಲ್ಲಿ ನೆಲನೆಲ್ಲಿ ಅರೆದು ಕುಡಿದಿದ್ದರೆ ನೆಲನೆಲ್ಲಿಯೇ ವಾಸಿ ಮಾಡಿತು ಅನ್ನುತ್ತೇವೆ. ಅನುಭವ ಸುಳ್ಳಲ್ಲ. ಆದರೆ ಕಣ್ಣು ಹಳದಿ ಆಗುವುದು ಒಂದು ಕಾಯಿಲೆಯಿಂದ ಅಲ್ಲ. ಹೆಪಟೈಟಿಸ್ ಬಿ ಇರಬಹುದು, ಪಿತ್ತಕೋಶದ ಕಲ್ಲು ಕೊಳವೆಗೆ ಅಡ್ಡ ನಿಂತಿರಬಹುದು. ಗರ್ಭಿಣಿಗೆ ಹೆಪಟೈಟಿಸ್ ಇ ಆದರೆ ಜೀವಕ್ಕೇ ಕಷ್ಟ. ಇನ್ನೊಂದಿದೆ, ಇಲಿಜ್ವರ.

ನಮ್ಮ ಕಡೆಯ ಒಬ್ಬ ಕೆಲಸಗಾರ ಜುಲೈನಲ್ಲಿ ಗದ್ದೆಯ ಕೆಸರಿಗೆ ಇಳಿದಿದ್ದ, ಕಾಲಲ್ಲಿ ಜಿಗಣೆ ಕಚ್ಚಿದ ಗಾಯ ಬೇರೆ. ವಾರ ಕಳೆದ ಮೇಲೆ ಜ್ವರ, ಮೀನಖಂಡ ಮುಟ್ಟಿದರೆ ಕಿರುಚುವಷ್ಟು ನೋವು, ಕಣ್ಣು ಮೊದಲು ಕೆಂಪು, ಆಮೇಲೆ ಹಳದಿ. ಪಕ್ಕದ ಲೈನ್‌ಮನೆಯವನಿಗೆ ಹಿಂದಿನ ವರ್ಷ ಕಾಮಾಲೆ ಮದ್ದು ಕೆಲಸ ಮಾಡಿತ್ತು, ಇವನಿಗೂ ಅದನ್ನೇ ಕೊಡಿಸಿದರು. ನಾಲ್ಕನೇ ದಿನಕ್ಕೆ ಮೂತ್ರ ನಿಂತಿತು. ಆಸ್ಪತ್ರೆಗೆ ಹೋದಾಗ ಗೊತ್ತಾಗಿದ್ದು ಇಲಿಜ್ವರ, ಕಿಡ್ನಿಗೆ ಇಳಿದಿತ್ತು. ಡಯಾಲಿಸಿಸ್ ಮಾಡಿಸಿ ಬದುಕಿಕೊಂಡ. ಇಲಿ ಮೂತ್ರ ಸೇರಿದ ನೀರಿನಿಂದ ಗಾಯದ ಮೂಲಕ ಮೈ ಸೇರುವ ಬ್ಯಾಕ್ಟೀರಿಯಾ ಅದು. ಮೊದಲ ದಿನಗಳಲ್ಲಾದರೆ ಡಾಕ್ಸಿಸೈಕ್ಲಿನ್‌ನಂಥ ಮಾಮೂಲಿ ಆಂಟಿಬಯಾಟಿಕ್‌ಗೆ ಬಗ್ಗುತ್ತದೆ.

ಪಕ್ಕದ ಮನೆಯವನು ಸುಳ್ಳು ಹೇಳಿರಲಿಲ್ಲ. ಅವನ ಹಳದಿ ಬೇರೆ, ಇವನ ಹಳದಿ ಬೇರೆ. ಕಣ್ಣು ಹಳದಿ ಆದರೆ ರಕ್ತ ಪರೀಕ್ಷೆ ಮೊದಲು, ನೆಲನೆಲ್ಲಿ ಆಮೇಲೆ.

ನಾಯಿ ಕಡಿತದಲ್ಲೂ ಇದೇ ಕಥೆ, ಇನ್ನೂ ಕ್ರೂರ. ಕಚ್ಚುವ ನಾಯಿಗಳಿಗೆಲ್ಲ ರೇಬೀಸ್ ಇರುವುದಿಲ್ಲ. ಹಾಗಾಗಿ ಬೇರು ತಿಂದು ಚೆನ್ನಾಗಿರುವವರು ಪ್ರತಿ ಊರಲ್ಲೂ ಸಿಗುತ್ತಾರೆ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲ ಅನ್ನುವಷ್ಟು ಕಡಿಮೆ. ಬೇರು ಕೈಕೊಟ್ಟವರು ಸಂತೆಯಲ್ಲಿ ಸಿಕ್ಕಿ ಹೇಳುವುದಿಲ್ಲ.

ಮೂವತ್ತು ವರ್ಷದ ಕೈಗುಣ

ನಾಟಿ ವೈದ್ಯರಿರಲಿ, ಎಂಬಿಬಿಎಸ್ ಇರಲಿ, ತುಂಬಾ ಜನರನ್ನು ನೋಡಿದವರ ಮಾತಿಗೆ ತೂಕ ಇದೆ. ಕಾಯಿಲೆ ಗುರುತಿಸುವುದರಲ್ಲಿ ಈ ಅನುಭವಕ್ಕೆ ಸಾಟಿಯಿಲ್ಲ. ಮೀನಖಂಡ ಒತ್ತಿ ನೋಡಿದ ಕೂಡಲೇ ಇಲಿಜ್ವರ ಅಂದವರು ಅಂಥ ಒಬ್ಬ ಹಳೇ ಡಾಕ್ಟರೇ. ಆದರೆ ಕೊಟ್ಟ ಮದ್ದು ಕೆಲಸ ಮಾಡಿತಾ ಅನ್ನುವುದರಲ್ಲಿ ಅವರೂ ನಮ್ಮಷ್ಟೇ ಮೋಸ ಹೋಗುತ್ತಾರೆ. ವಾಸಿಯಾದವರು ಬಾಳೆಗೊನೆ ಹಿಡಿದು ಬರುತ್ತಾರೆ. ಆಗದವರು ಬೇರೆ ಕಡೆ ಹೋಗುತ್ತಾರೆ.

ಹೃದಯಾಘಾತ ಆದವರ ಬಡಿತ ತಪ್ಪುತ್ತಿದ್ದರೆ ಅದನ್ನು ಸರಿಮಾಡುವ ಮಾತ್ರೆ ಕೊಡುವುದು 1980ರ ದಶಕದಲ್ಲಿ ರೂಢಿ. ಇಸಿಜಿಯಲ್ಲಿ ಬಡಿತ ಸರಿಯಾಗುವುದು ಕಣ್ಣಿಗೆ ಕಾಣುತ್ತಿತ್ತು. ಎನ್‌ಕೈನೈಡ್, ಫ್ಲೆಕೈನೈಡ್ ಎಂಬ ಎರಡು ಮಾತ್ರೆಗಳನ್ನು ಬಿಟ್ಟ ಸಾಲಿನ ಜೊತೆ ಹೋಲಿಸಿದಾಗ, ಮಾತ್ರೆ ತಿಂದವರೇ ಜಾಸ್ತಿ ಸಾಯುತ್ತಿದ್ದಾರೆ ಎಂದು 1989ರಲ್ಲಿ ಗೊತ್ತಾಯಿತು. ಕೊಟ್ಟವರು ನುರಿತ ಹೃದಯತಜ್ಞರು. ಒಬ್ಬೊಬ್ಬ ರೋಗಿಯನ್ನು ನೋಡಿದರೆ ಅದು ಕಾಣುವಂಥದ್ದಲ್ಲ.

ಬಡವರ ಪರವಾಗಿ ತಿರುಗಿದ ಲೆಕ್ಕವೂ ಇದೆ. ಕ್ಷಯಕ್ಕೆ ಸ್ಯಾನಟೋರಿಯಂ ಎಂಬ ಕ್ಷಯದ ಆಸ್ಪತ್ರೆಯ ವಾಸ, ಒಳ್ಳೆ ಗಾಳಿ, ಹಾಲು ಮೊಟ್ಟೆ ಬೇಕೇ ಬೇಕು ಎಂಬುದು ಆಗ ಎಲ್ಲರ ಅನುಭವ. ನಮ್ಮ ಕಡೆಯವರೂ ಮೈಸೂರಿನ ಸ್ಯಾನಟೋರಿಯಂ ಕಡೆ ಮುಖ ಮಾಡುತ್ತಿದ್ದರು. 1956ರಲ್ಲಿ ಮದ್ರಾಸಿನಲ್ಲಿ ಶುರುವಾದ ಪ್ರಯೋಗದಲ್ಲಿ ಕೆಲವರಿಗೆ ಸ್ಯಾನಟೋರಿಯಂ, ಕೆಲವರಿಗೆ ಇಕ್ಕಟ್ಟಾದ ಮನೆಯಲ್ಲೇ ಇದ್ದು ಅದೇ ಮಾತ್ರೆ. 1959ರಲ್ಲಿ ಫಲಿತಾಂಶ ಬಂತು: ಮನೆಯಲ್ಲಿದ್ದವರೂ ಹೆಚ್ಚೂಕಡಿಮೆ ಅಷ್ಟೇ ಚೆನ್ನಾಗಿ ಗುಣವಾಗಿದ್ದರು. ಪುರಾವೆ ಅಂದರೆ ಯಾವಾಗಲೂ ಖರ್ಚಿನ ದಾರಿ ಅಂದುಕೊಳ್ಳುವವರಿಗೆ ನಾನು ಇದನ್ನು ಹೇಳುತ್ತೇನೆ.

“ಒಂದು ಸಂಶೋಧನೆ ಹೇಳಿದೆಯಂತೆ”

ನಮ್ಮ ಕಾಚಂಪುಳಿಯ ಕಥೆ ಕೇಳಿ. ಪಂದಿ ಕರಿಗೆ, ಅಂದರೆ ಹಂದಿ ಮಾಂಸದ ಅಡುಗೆಗೆ ಹಾಕುವ ಅದೇ ಕಪ್ಪು ಹುಳಿ. ಆ ಹುಳಿ ಮಾಡುವ ಹಣ್ಣು ಹೊರದೇಶಗಳಲ್ಲಿ ಗಾರ್ಸಿನಿಯಾ ಕಾಂಬೋಜಿಯಾ ಎಂಬ ಹೆಸರಲ್ಲಿ ತೂಕ ಇಳಿಸುವ ಮಾತ್ರೆಯಾಗಿ ಮಾರಾಟವಾಗುತ್ತದೆ. ಇಲಿಗಳ ಮೇಲಿನ ಪ್ರಯೋಗದಲ್ಲಿ ಚೆನ್ನಾಗಿಯೇ ಕಂಡಿತ್ತು. 1998ರಲ್ಲಿ 135 ಜನರ ಮೇಲೆ 12 ವಾರ ನೋಡಿದರು. ಗಾರ್ಸಿನಿಯಾ ತಿಂದವರು ಸರಾಸರಿ 3.2 ಕೆಜಿ ಇಳಿದರು. ಸಂತೋಷಪಡುವ ಮೊದಲು ಬಿಟ್ಟ ಸಾಲು ನೋಡಿ: ಹುಸಿ ಮಾತ್ರೆ ತಿಂದವರು 4.1 ಕೆಜಿ. ಎರಡೂ ಗುಂಪಿಗೆ ಊಟದ ಪಥ್ಯ ಒಂದೇ ಇತ್ತು, ತೂಕ ಇಳಿಸಿದ್ದು ಅದು. ಅಂಥ ಮಾತ್ರೆ ತಿಂದು ಲಿವರ್ ಕೆಡಿಸಿಕೊಂಡವರ ವರದಿಗಳೂ ಇವೆ. ಕರಿಗೆ ಒಂದು ಚಮಚ ಹಾಕುವುದಕ್ಕೂ ಅದಕ್ಕೂ ಸಂಬಂಧ ಇಲ್ಲ, ಧೈರ್ಯವಾಗಿ ಹಾಕಿ.

ನೆಲನೆಲ್ಲಿಗೂ ಹೀಗೇ ಆಯಿತು. 1988ರಲ್ಲಿ ಮದ್ರಾಸಿನ ಸಂಶೋಧಕರು ಹೆಪಟೈಟಿಸ್ ಬಿ ವೈರಸ್ ಹೊತ್ತ 37 ಜನರಿಗೆ ಕೊಟ್ಟಾಗ 22 ಜನರ ರಕ್ತದಲ್ಲಿ ವೈರಸ್‌ನ ಗುರುತು ಹೋಗಿತ್ತು. ದೊಡ್ಡ ಸುದ್ದಿ. ಆಮೇಲೆ ಬೇರೆ ಕಡೆ ಮಾಡಿದವರಿಗೆ ಅದು ಸಿಗಲಿಲ್ಲ. ಮೊದಲಿನ ಸುದ್ದಿ ಇನ್ನೂ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ, ನಂತರದ್ದು ಓಡಾಡುವುದಿಲ್ಲ.

ಗಿಡಮೂಲಿಕೆ ಅಂದರೆ ಸೋಲುತ್ತದೆ ಅಂತಲ್ಲ. ಸರ್ಪಗಂಧವನ್ನು ಹಿಂದಿನವರು ಹಾವಿನ ವಿಷಕ್ಕೂ ಕೊಡುತ್ತಿದ್ದರು. ಮುಂಬೈಯ ಡಾಕ್ಟರ್ ರುಸ್ತುಂ ಜಲ್ ವಕೀಲ್ 1949ರಲ್ಲಿ ಅದು ರಕ್ತದೊತ್ತಡ ಇಳಿಸುತ್ತದೆ ಎಂದು ರೋಗಿಗಳ ಅಂಕಿಅಂಶ ಇಟ್ಟು ಬರೆದರು, ಜಗತ್ತು ಒಪ್ಪಿತು. ಹೆಸರು ಹಾವಿನದು, ಕೆಲಸಕ್ಕೆ ಬಂದದ್ದು ಬಿಪಿಗೆ. ಅಳೆಯದಿದ್ದರೆ ಯಾವುದಕ್ಕೆ ಎಂಬುದೇ ಗೊತ್ತಾಗುತ್ತಿರಲಿಲ್ಲ.

ಹತ್ತಾರು ಪ್ರಯೋಗಗಳ ಪುರಾವೆ

ಜೀವಕ್ಕೆ ಸಂಬಂಧಿಸಿದ ವಿಷಯದಲ್ಲಿ ನಾನು ಇದಕ್ಕೇ ಮೊದಲ ಮಣೆ ಹಾಕುವುದು. ಆದರೆ ಇದರ ಹುಳುಕೂ ಹೇಳಬೇಕು. ಪ್ರಯೋಗ ಹೇಳುವುದು ಸರಾಸರಿ, ನಾನು ಸರಾಸರಿ ಮನುಷ್ಯ ಆಗಬೇಕಿಲ್ಲ. ಎಂಬತ್ತು ದಾಟಿದ, ಸಕ್ಕರೆ, ಬಿಪಿ, ಕಿಡ್ನಿ ಮೂರೂ ಇರುವ ಅಜ್ಜಿಯನ್ನು ಪ್ರಯೋಗಕ್ಕೆ ಸೇರಿಸಿಕೊಳ್ಳುವುದೇ ಅಪರೂಪ. ಕಂಪನಿಗಳಿಗೆ ಲಾಭ ಇರುವ ಮಾತ್ರೆಗೆ ಪ್ರಯೋಗ ಜಾಸ್ತಿ, ಬೇಲಿಬದಿಯ ಸೊಪ್ಪಿಗೆ ಕಡಿಮೆ. ಪುರಾವೆ ಇಲ್ಲ ಅನ್ನುವುದಕ್ಕೆ ಎರಡು ಅರ್ಥ: ನೋಡಿದ್ದಾರೆ, ಕೆಲಸ ಮಾಡಲಿಲ್ಲ. ಅಥವಾ ಯಾರೂ ನೋಡಿಯೇ ಇಲ್ಲ. ಡಾಕ್ಟರನ್ನು ಯಾವ ಅರ್ಥ ಎಂದು ಕೇಳಿ.

ಹಾವಿನ ವಿಷಯದಲ್ಲಿ ಈ ಮಿತಿ ನಮ್ಮ ತೋಟದಲ್ಲೇ ಇದೆ. ನಮ್ಮಲ್ಲಿ ಸಿಗುವ ಆಂಟಿವೆನಮ್, ಅಂದರೆ ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್, ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ಮಾಡಿದ್ದು. ಕಾಫಿ ಗಿಡದ ಬುಡದ ದರಗಿನಲ್ಲಿ ಮಲಗಿರುವ, ಮೂಗು ಮೇಲೆತ್ತಿದ ಸಣ್ಣ ಗುಳಿಮಂಡಲಕ್ಕೆ ಅದು ನಡೆಯುವುದಿಲ್ಲ. ಹಾಗಾದರೆ ನಾಟಿ ಮದ್ದೇ ಗತಿಯಾ? ಅಲ್ಲ. ಅದು ಕಚ್ಚಿದರೆ ಕೆಲವರಿಗೆ ರಕ್ತ ಹೆಪ್ಪುಗಟ್ಟುವುದು ತಪ್ಪುತ್ತದೆ, ಕಿಡ್ನಿ ಕೆಡುತ್ತದೆ. ಅದನ್ನು ಗಂಟೆಗಂಟೆಗೂ ನೋಡಿ ಸಂಭಾಳಿಸಲು ಆಸ್ಪತ್ರೆಯೇ ಬೇಕು. ಹಾವು ಕಚ್ಚಿದರೂ ಎಷ್ಟೋ ಸಲ ವಿಷ ಮೈಗೆ ಸೇರಿರುವುದಿಲ್ಲ, ಎಷ್ಟೋ ಸಲ ಅದು ವಿಷದ ಹಾವೇ ಆಗಿರುವುದಿಲ್ಲ. ಮಂತ್ರಕ್ಕೆ ಹೆಸರು ಬಂದಿದ್ದು ಅಲ್ಲಿಂದ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕು ಎಂದು ಮಾಡಿತು. ವಾಸಿಯಾಗದವರ ಲೆಕ್ಕ ಇಡಲು ಅದೊಂದು ದಾರಿ.

ಹಾಗಾದರೆ ಯಾರಿಗೆ ಯಾವುದು?

ನೆಗಡಿ, ಗಂಟಲು ಕೆರೆತ, ದುಡಿದ ಮೈನೋವು ಇದ್ದರೆ ಅಜ್ಜಿಯ ಕಾಳುಮೆಣಸಿನ ಕಷಾಯ ಸಾಕು. ಖರ್ಚಿಲ್ಲ, ತಪ್ಪಾದರೂ ಕಳೆದುಕೊಳ್ಳುವುದು ಏನೂ ಇಲ್ಲ. ಇಲ್ಲಿ ಪುರಾವೆ ಹುಡುಕಿ ಮೈಸೂರಿಗೆ ಹೋಗುವುದೇ ಪೆದ್ದುತನ.

ಹಳೇ ಮಂಡಿನೋವು, ಸೊಂಟನೋವು ಇದ್ದವರು ಎರಡನ್ನೂ ಜೊತೆಗಿಟ್ಟುಕೊಳ್ಳಬಹುದು. ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮಕ್ಕೆ, ತೂಕ ಇಳಿಸುವುದಕ್ಕೆ ಒಳ್ಳೆ ಪುರಾವೆ ಇದೆ, ಎರಡಕ್ಕೂ ದುಡ್ಡು ಬೇಡ. ಎಣ್ಣೆ ಹಚ್ಚುವುದಾದರೆ ಹಚ್ಚಿ. ಮೂರು ವಾರ ಹಚ್ಚಿ, ಮೂರು ವಾರ ಬಿಟ್ಟು, ದಿನಾ ಅಂಕ ಬರೆಯಿರಿ. ನೋವು ಬಂದು ಹೋಗಿ ಮಾಡುವ ಕಾಯಿಲೆಗೆ ಮಾತ್ರ ಈ ಆಟ. ಕೊಡುವವರು ಒಳಗೆ ಏನಿದೆ ಎಂದು ಹೇಳದ ಪುಡಿ, ಗುಳಿಗೆ ಮಾತ್ರ ಬೇಡ. ಕೆಲವುದರಲ್ಲಿ ಸ್ಟೀರಾಯ್ಡ್ ಬೆರೆಸಿರುತ್ತಾರೆ, ನೋವು ಬೇಗ ಹೋಗುತ್ತದೆ, ಮೂಳೆ ನಿಧಾನಕ್ಕೆ ಹೋಗುತ್ತದೆ.

ಬಿಪಿ, ಸಕ್ಕರೆ ಇದ್ದವರಿಗೆ “ನನಗೆ ಏನೂ ಅನ್ನಿಸುತ್ತಿಲ್ಲ” ಅನ್ನುವ ಅನುಭವಕ್ಕೆ ಬೆಲೆ ಇಲ್ಲ. ಕೈ ಬಿಗಿ ಇದ್ದರೆ ಸರ್ಕಾರಿ ಆಸ್ಪತ್ರೆ ಇದೆ, ಜನೌಷಧಿ ಅಂಗಡಿ ಇದೆ. ಅದೇ ಔಷಧಿ, ಬೆಲೆ ಕಡಿಮೆ. ಒಗ್ಗದಿದ್ದರೆ ಬಿಡಬೇಡಿ, ಬದಲಾಯಿಸಿ ಎಂದು ಕೇಳಿ. ಕೇಳುವಾಗ ಎರಡು ಮಾತು ಸೇರಿಸಿ: ಇದನ್ನು ತಿನ್ನದಿದ್ದರೆ ನನ್ನಂಥ ನೂರು ಜನರಲ್ಲಿ ಎಷ್ಟು ಜನರಿಗೆ ಏನಾಗುತ್ತದೆ, ತಿಂದರೆ ಎಷ್ಟು ಜನರಿಗೆ ತಪ್ಪುತ್ತದೆ? ಉತ್ತರ ಕೊಡುವ ಡಾಕ್ಟರು ಸಿಕ್ಕರೆ ಬಿಡಬೇಡಿ.

ಹಾವು, ನಾಯಿ, ಹಳದಿ ಕಣ್ಣು, ಎದೆನೋವು ಆದರೆ ಆಯ್ಕೆಯ ಮಾತೇ ಬರುವುದಿಲ್ಲ, ಹೊರಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಆಂಟಿವೆನಮ್‌ಗೆ ದುಡ್ಡು ಕೊಡಬೇಕಿಲ್ಲ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ. ಕಾರ್ಡ್ ಎಲ್ಲಿದೆ ಎಂದು ಇವತ್ತೇ ನೋಡಿಟ್ಟುಕೊಳ್ಳಿ, ಮಳೆಗಾಲದ ರಾತ್ರಿ ಕರೆಂಟ್ ಹೋದಾಗ ಹುಡುಕುವುದು ಕಷ್ಟ.

ಎಣ್ಣೆಯವರು ಈ ವರ್ಷ ಸಂತೆಗೆ ವಾಪಸ್ ಬಂದಿದ್ದಾರೆ. ಒಂದು ಬಾಟಲಿ ತಂದಿದ್ದೇನೆ. ಈ ಸಲ ಎರಡೂ ಮಂಡಿ ನೋಯುತ್ತಿವೆ. ಹೆಂಡತಿ ಹೇಳಿದ ಉಪಾಯ ಇದು: ಬಲಕ್ಕೆ ಎಣ್ಣೆ, ಎಡಕ್ಕೆ ಬರೀ ತೆಂಗಿನೆಣ್ಣೆ. ಮಳೆ ಪುಸ್ತಕದಲ್ಲಿ ಈಗ ಎರಡು ಕಾಲಂ ಗೀಚಿದ್ದೇನೆ.